ಕಾಫಿ ಮಗ್ ಎಸೆದ ಊರಿನಲ್ಲಿ ಒಂದು ದಿನ

ಮಾಂಟೆರೆಗೆ ಹೋಗಿಬಂದ ನಮ್ಮವರನ್ನು ಕೇಳಿದರೆ ಹೇಳುವುದು ಹೆಚ್ಚು ಕಡಿಮೆ ಒಂದೇ. ಅಕ್ವೇರಿಯಂ ನೋಡಿದ್ವಿ, ಸೆವೆಂಟೀನ್ ಮೈಲ್ ಡ್ರೈವ್ ಮಾಡಿದ್ವಿ, ಸೀಲಯನ್‌ಗಳ ಎದುರು ಸೆಲ್ಫಿ ತಗೊಂಡ್ವಿ, ರಾತ್ರಿ ಊಟದ ಹೊತ್ತಿಗೆ ಮನೆ. ತಪ್ಪೇನಿಲ್ಲ, ಮೂರೂ ಚೆನ್ನಾಗಿವೆ. ಆದರೆ ಕ್ಯಾಲಿಫೋರ್ನಿಯಾ ಕರಾವಳಿಯ ಈ ಸಣ್ಣ ಊರನ್ನು ನಾನು ನೋಡಬೇಕೆಂದುಕೊಂಡದ್ದು ಬೇರೆ ಕಾರಣಕ್ಕೆ. 2000ನೇ ಇಸವಿಯ ಜುಲೈನಲ್ಲಿ ಇಲ್ಲಿ ನಡೆದ ಒಂದು ಮೀಟಿಂಗ್‌ನಲ್ಲಿ ಒಬ್ಬ ಪ್ರೋಗ್ರಾಮರ್ ಕಾಫಿ ಮಗ್‌ಗಳನ್ನು ಒಂದಾದ ಮೇಲೊಂದು ಗೋಡೆಗೆ ಎಸೆದ. ಅದರಿಂದ ಒಂದು ಭಾಷೆ ಹುಟ್ಟಿತು. ಹುಟ್ಟೋಕೆ 15 ವರ್ಷ ಹಿಡಿಯಿತು ಅನ್ನೋದು ಬೇರೆ ಮಾತು.

ಆಫೀಸ್ ಕೆಲಸದ ಮೇಲೆ ಎರಡು ತಿಂಗಳು ಸ್ಯಾನ್ ಹೊಸೆಯಲ್ಲಿದ್ದೆ, ನನ್ನ ಚಿಕ್ಕಮ್ಮನ ಮಗನ ಮನೆಯಲ್ಲಿ. ದೀಪಾವಳಿ ಮುಗಿದ ಮೇಲಿನ ಶನಿವಾರ ಅವನೇ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಅವನ ಹತ್ತು ವರ್ಷದ ಮಗಳು ಪುಟ್ಟಿ, ಜೊತೆಗೆ ಹಬ್ಬಕ್ಕೆ ಮಾಡಿದ ಚಕ್ಕುಲಿಯ ಡಬ್ಬ. 101ರಲ್ಲಿ ದಕ್ಷಿಣಕ್ಕೆ ಹೋದರೆ ಗಿಲ್ರಾಯ್ ಬರುತ್ತದೆ. ಗಾಜು ಏರಿಸಿದ್ದರೂ ಬೆಳ್ಳುಳ್ಳಿ ವಾಸನೆ ಒಳಗೆ ಬರುವ ಊರು. ಒಗ್ಗರಣೆ ಹಾಕಿದ ಹೊತ್ತಿಗೆ ಅಡುಗೆಮನೆಗೆ ಹೋದ ಹಾಗೆ. ಆಮೇಲೆ ಕ್ಯಾಸ್ಟ್ರೊವಿಲ್, ರಸ್ತೆಯ ಎರಡೂ ಬದಿ ಆರ್ಟಿಚೋಕ್ ಹೊಲ. ಅಲ್ಲಿಂದ ಮುಂದೆ ಮಂಜು. ಸಮುದ್ರ ಪಕ್ಕದಲ್ಲೇ ಇದೆ ಅಂತ ಮ್ಯಾಪ್ ಹೇಳುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ದಾರಿಯಲ್ಲೇ ಅವನು ಕೇಳಿದ, "ಅಕ್ಕ, ಮಗ್ ಎಸೆದ ಕಥೆ ಏನು? ಯಾಕೆ ಎಸೆದಿದ್ದು?"

ಕಥೆ ಪರ್ಲ್ ಭಾಷೆಯದ್ದು. 1987ರ ಡಿಸೆಂಬರ್‌ನಲ್ಲಿ ಲ್ಯಾರಿ ವಾಲ್ ಎಂಬಾತ ಅದರ ಮೊದಲ ಆವೃತ್ತಿಯನ್ನು ಹೊರಬಿಟ್ಟರು. ಈ ಮನುಷ್ಯ ಓದಿದ್ದು ಭಾಷಾಶಾಸ್ತ್ರ. ಲಿಪಿಯೇ ಇಲ್ಲದ ಯಾವುದಾದರೂ ಭಾಷೆಗೆ ಲಿಪಿ ಮಾಡಿಕೊಡಬೇಕು ಎಂಬುದು ಗಂಡ ಹೆಂಡತಿ ಇಬ್ಬರ ಯೋಜನೆಯಾಗಿತ್ತು. ಆರೋಗ್ಯದ ಕಾರಣಕ್ಕೆ ಅದು ಆಗಲಿಲ್ಲ, ಬದಲಿಗೆ ಕಂಪ್ಯೂಟರ್‌ಗೆ ಒಂದು ಭಾಷೆ ಆಯಿತು. 1994ರಲ್ಲಿ ಬಂದ ಪರ್ಲ್ 5 ಇಂಟರ್ನೆಟ್‌ನ ಮೊದಲ ದಿನಗಳನ್ನು ಹೊತ್ತು ನಡೆಸಿತು ಎಂದರೆ ಅತಿಶಯವಲ್ಲ. ಫಾರಂ ತುಂಬಿ ಬಟನ್ ಒತ್ತಿದರೆ ಆಚೆ ಬದಿಯಲ್ಲಿ ಕೂತು ಕೆಲಸ ಮಾಡುತ್ತಿದ್ದದ್ದು ಬಹಳ ಸಲ ಪರ್ಲ್. ಮಾನವ ಜೀನೋಮ್ ಯೋಜನೆಯ ಲ್ಯಾಬ್‌ಗಳಲ್ಲೂ ಅದೇ.

2000ದ ಹೊತ್ತಿಗೆ ಅದಕ್ಕೆ ಮಂಕು ಕವಿದಿತ್ತು. ಒಳಗಿನ ಕೋಡ್ ಮುಟ್ಟಲು ಹೆದರುವಷ್ಟು ಸಿಕ್ಕುಸಿಕ್ಕಾಗಿತ್ತು. ಜಾವಾ ಬಂದಿತ್ತು, ಪೈಥಾನ್ ಬೆಳೆಯುತ್ತಿತ್ತು. ಮಾಂಟೆರೆಯ ಸಮ್ಮೇಳನದಲ್ಲಿ ಪರ್ಲ್‌ನ ಹಿರಿಯರು ಒಂದು ಕೋಣೆಯಲ್ಲಿ ಸೇರಿ ಆಡಳಿತದ ಸಣ್ಣಪುಟ್ಟ ವಿಷಯ ಚರ್ಚಿಸುತ್ತಿದ್ದಾಗ, ಜಾನ್ ಓರ್ವಾಂಟ್ ಎಂಬವರು ಎದ್ದು ಮಗ್‌ಗಳನ್ನು ಎಸೆಯಲು ಶುರು ಮಾಡಿದರು. ಅವರು ಹೇಳಿದ್ದರ ಸಾರ ಇಷ್ಟು: ಜನರಿಗೆ ಮತ್ತೆ ಹುರುಪು ಬರುವಂಥದ್ದು ಏನಾದರೂ ಮಾಡದಿದ್ದರೆ ನಮ್ಮ ಕಥೆ ಮುಗಿಯಿತು. ಮಾರನೇ ದಿನ, ಜುಲೈ 19ರಂದು, ಲ್ಯಾರಿ ವಾಲ್ ವೇದಿಕೆಯ ಮೇಲೆ ಘೋಷಿಸಿದರು, ಪರ್ಲ್ 6 ಬರುತ್ತದೆ ಎಂದು. ಹಿಂದಿನದನ್ನು ನಾನು ತಿದ್ದಿ ಬರೆದೆ, ಇದನ್ನು ಸಮುದಾಯವೇ ತಿದ್ದಿ ಬರೆಯಲಿ ಎಂದರು.

"ಸಂಬಳ ಯಾರು ಕೊಟ್ರು?" ಚಿಕ್ಕಮ್ಮನ ಮಗನ ಮೊದಲ ಪ್ರಶ್ನೆ.

"ಯಾರೂ ಇಲ್ಲ ಕಣೋ. ಮಧ್ಯೆ ಕೆಲವರಿಗೆ ಸ್ವಲ್ಪ ಅನುದಾನ ಸಿಕ್ಕಿದ್ದು ಬಿಟ್ರೆ, ಉಳಿದವರೆಲ್ಲ ಸಂಜೆ ಹೊತ್ತು, ಶನಿವಾರ ಭಾನುವಾರ."

"ಹದಿನೈದು ವರ್ಷ?"

"ಹದಿನೈದು ವರ್ಷ."

ಅವನು ಏನೂ ಹೇಳಲಿಲ್ಲ. ಅವನ ಮೌನಕ್ಕೆ ಕಾರಣ ನನಗೆ ಗೊತ್ತಿತ್ತು. ಅವನ ಟೀಮ್ ನಾಲ್ಕು ವರ್ಷ ಕಟ್ಟಿದ ಪ್ರಾಡಕ್ಟನ್ನು ಕಂಪನಿ ಆ ಬೇಸಿಗೆಯಲ್ಲಿ ಒಂದೇ ಒಂದು ಮೇಲ್ ಕಳಿಸಿ ಮುಚ್ಚಿತ್ತು. ಹನ್ನೊಂದು ಜನರಲ್ಲಿ ಆರು ಜನರ ಕೆಲಸ ಹೋಯಿತು. ಇವನದ್ದು ಉಳಿಯಿತು. ಆ ಕೋಡ್ ಈಗ ಎಲ್ಲಿದೆ ಎಂದು ಹಬ್ಬದ ದಿನ ಕೇಳಿದ್ದೆ. "ಆರ್ಕೈವ್ ಮಾಡಿದಾರೆ. ಓಪನ್ ಮಾಡೋಕೆ ನನಗೇ ಪರ್ಮಿಷನ್ ಇಲ್ಲ" ಎಂದಿದ್ದ, ಹೋಳಿಗೆ ಮುರಿಯುತ್ತಾ.

ಮಾಂಟೆರೆಯಲ್ಲಿ ಮಗ್‌ನ ನೆನಪಿಗೆ ಒಂದು ಬೋರ್ಡೂ ನನ್ನ ಕಣ್ಣಿಗೆ ಬೀಳಲಿಲ್ಲ. ಊರಿಗೆ ಅದಕ್ಕಿಂತ ದೊಡ್ಡ ಇತಿಹಾಸವಿದೆ ಬಿಡಿ. ಸ್ಪೇನ್‌ನವರ ಕಾಲದಲ್ಲೂ ಮೆಕ್ಸಿಕೋದವರ ಕಾಲದಲ್ಲೂ ಇದು ರಾಜಧಾನಿ. ಗುಡ್ಡದ ಮೇಲೆ ಅಮೆರಿಕದ ಸೇನೆಯವರಿಗೆ ವಿದೇಶಿ ಭಾಷೆ ಕಲಿಸುವ ದೊಡ್ಡ ಸಂಸ್ಥೆ ಇದೆ. ಅದರ ಬಲದ ಮೇಲೆ ಊರು ತನ್ನನ್ನು ಜಗತ್ತಿನ ಭಾಷಾ ರಾಜಧಾನಿ ಎಂದೇ ಕರೆದುಕೊಳ್ಳುತ್ತದೆ. ಪ್ರೋಗ್ರಾಮಿಂಗ್ ಭಾಷೆಯ ಮರುಹುಟ್ಟಿಗೆ ಇದಕ್ಕಿಂತ ಸರಿಯಾದ ಊರು ಹುಡುಕಿದರೂ ಸಿಗುತ್ತಿರಲಿಲ್ಲ.

ನಾವು ಮೊದಲು ಹೋಗಿದ್ದು ಕೋಲ್ಟನ್ ಹಾಲ್‌ಗೆ. ಬಿಳಿ ಕಲ್ಲಿನ ಎರಡಂತಸ್ತಿನ ಕಟ್ಟಡ, ಎದುರಿಗೆ ಹುಲ್ಲುಹಾಸು, ಒಳಗೆ ಹೋಗಲು ಟಿಕೆಟ್ ಇಲ್ಲ. ಮೇಲಿನ ಹಾಲ್‌ನಲ್ಲಿ ಉದ್ದುದ್ದ ಮೇಜುಗಳು, ಅವುಗಳ ಮೇಲೆ ಹಳೇ ಕಾಲದ ಬರವಣಿಗೆಯ ಸಾಮಾನು. 1849ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ 48 ಪ್ರತಿನಿಧಿಗಳು ಇಲ್ಲೇ ಕೂತು ಕ್ಯಾಲಿಫೋರ್ನಿಯಾದ ಮೊದಲ ಸಂವಿಧಾನ ಬರೆದರು. ಆರು ವಾರದಲ್ಲಿ ಮುಗಿಸಿದರು.

ಆ 48 ಜನರಲ್ಲಿ ಕೆಲವರಿಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಅವರಿಗಾಗಿ ವಿಲಿಯಂ ಹಾರ್ಟ್‌ನೆಲ್ ಎಂಬ ದುಭಾಷಿ ಇದ್ದ. ಅವರು ಅಲ್ಲಿ ಕೂತಿದ್ದ ಕಾರಣಕ್ಕೇ ಇರಬೇಕು, ರಾಜ್ಯದ ಎಲ್ಲ ಕಾನೂನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪ್ರಕಟವಾಗಬೇಕು ಎಂದು ಸಂವಿಧಾನದಲ್ಲೇ ಬರೆದರು. ಮೂವತ್ತು ವರ್ಷದ ನಂತರ, 1879ರಲ್ಲಿ, ಹೊಸ ಸಂವಿಧಾನ ಬಂತು. ಅದು ಇಂಗ್ಲಿಷ್ ಒಂದೇ ಸಾಕು ಎಂದಿತು. ಎರಡನೇ ಆವೃತ್ತಿ ಬರೆಯುವಾಗ ಯಾರು ಮೇಜಿನ ಮುಂದೆ ಕೂತಿರುತ್ತಾರೆ ಎಂಬುದರ ಮೇಲೆ ಎಷ್ಟೆಲ್ಲ ನಿಂತಿದೆ ಅಂತ ಆ ಖಾಲಿ ಕುರ್ಚಿಗಳನ್ನು ನೋಡುತ್ತಾ ಅನ್ನಿಸಿತು. ಪುಟ್ಟಿಗೆ ಇಷ್ಟವಾದದ್ದು ಮಾತ್ರ ಹಿಂದಿರುವ ಹಳೇ ಜೈಲು.

ಪರ್ಲ್ 6ರ ಮೇಜು ಇದಕ್ಕಿಂತ ತುಂಬಾ ದೊಡ್ಡದಿತ್ತು. ಯಾರು ಬೇಕಾದರೂ ಸಲಹೆ ಬರೆದು ಕಳಿಸಿ ಎಂದು ಲ್ಯಾರಿ ಕರೆ ಕೊಟ್ಟರು, ಅಕ್ಟೋಬರ್ 1 ಕೊನೆಯ ದಿನ. ಬಂದ ಪ್ರಸ್ತಾವಗಳು 361. ಒಂದೊಂದೂ ಬರೇ ಇದು ಬೇಕು, ಅದು ಬೇಡ ಎಂಬ ಚೀಟಿಯಲ್ಲ; ಕಾರಣ, ಉದಾಹರಣೆ ಎಲ್ಲ ಇರುವ ದಾಖಲೆ. ಅವುಗಳಲ್ಲಿ ಒಂದಕ್ಕೊಂದು ಹೊಂದದವೇ ಬಹಳ. ಕೋಲನ್ ಚಿಹ್ನೆ ನೋಡಿ, ಒಂದರ ಮೇಲೊಂದು ಎರಡು ಚುಕ್ಕಿ. ತಾನು ಸೂಚಿಸಿದ ಸೌಲಭ್ಯಕ್ಕೆ ಅದೇ ಬೇಕು ಅಂತ ಎಲ್ಲರದ್ದೂ ಹಟ. ಮರುವಿನ್ಯಾಸದ ಮೊದಲ ನಿಯಮ, ಎಲ್ಲರಿಗೂ ಕೋಲನ್ ಬೇಕು. ಎರಡನೇ ನಿಯಮ, ಕೋಲನ್ ಸಿಗುವುದು ಲ್ಯಾರಿಗೆ ಎಂದು ಅವರೇ ತಮಾಷೆ ಮಾಡಿದರು. ಅವರದ್ದೇ ಇನ್ನೊಂದು ಮಾತು, ಭಾಷೆಯ ಜಟಿಲತೆ ನೀರು ತುಂಬಿದ ಹಾಸಿಗೆ ಇದ್ದಂತೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ ಎಂದು. ನಾಲ್ಕು ಜನ ಸೇರಿ ಮನೆ ಪ್ಲಾನ್ ಮಾಡಿಸಿದವರಿಗೆ ಇದು ಅರ್ಥವಾಗುತ್ತದೆ. ದೇವರಮನೆ ದೊಡ್ಡದು ಮಾಡಿದರೆ ಅಡುಗೆಮನೆ ಚಿಕ್ಕದಾಗಲೇಬೇಕು.

ಆ 361ನ್ನೂ ಓದಿ, ಒಂದಕ್ಕೊಂದು ಹೊಂದಿಸಿ, ಭಾಷೆಯನ್ನು ಅಧ್ಯಾಯ ಅಧ್ಯಾಯವಾಗಿ ಬರೆಯಲು ಲ್ಯಾರಿ ಕೂತರು. ಮೊದಲ ದಾಖಲೆ ಬಂದದ್ದು 2001ರ ಏಪ್ರಿಲ್‌ನಲ್ಲಿ. ಅದೇ ಏಪ್ರಿಲ್ 1ರಂದು, ಪರ್ಲ್ ಮತ್ತು ಪೈಥಾನ್ ಸೇರಿ ಪ್ಯಾರಟ್ ಎಂಬ ಒಂದೇ ಭಾಷೆಯಾಗುತ್ತವೆ ಎಂದು ಯಾರೋ ಏಪ್ರಿಲ್ ಫೂಲ್ ಮಾಡಿದರು. ಆಮೇಲೆ ಆ ಹೆಸರನ್ನೇ ನಿಜವಾದ ಎಂಜಿನ್‌ಗೆ ಇಟ್ಟು ವರ್ಷಗಟ್ಟಲೆ ದುಡಿದರು. ಕೊನೆಗೆ ಅದೂ ಮೂಲೆಗೆ ಸೇರಿತು.

ನಾನು 2005ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ಟೀಮ್‌ನಲ್ಲಿ ಪ್ರತಿ ರಾತ್ರಿ ಓಡುವ ಲಾಗ್ ಸ್ಕ್ರಿಪ್ಟ್‌ಗಳೆಲ್ಲ ಪರ್ಲ್ 5. ಚಹಾದ ಹೊತ್ತಿನಲ್ಲಿ "ಆರು ಬರುತ್ತಂತೆ" ಎಂಬ ಮಾತು ಬರುತ್ತಲೇ ಇತ್ತು, ಮುಂಗಾರು ಕೇರಳ ತಲುಪಿದೆಯಂತೆ ಎನ್ನುವ ಹಾಗೆ. ಬರಲಿಲ್ಲ. ಹೊಸದು ಬರುತ್ತೆ ಅಂದಮೇಲೆ ಹಳೇದರಲ್ಲಿ ಯಾಕೆ ಬರೀಬೇಕು ಎಂದು ಹೊಸ ಹುಡುಗರು ಪೈಥಾನ್ ಹಿಡಿದರು. ಇಲ್ಲಿ ಒಂದು ಅನ್ಯಾಯವಾಯಿತು ಅಂತ ನನ್ನ ಅಭಿಪ್ರಾಯ. ಪರ್ಲ್ 5ನ್ನು ನೋಡಿಕೊಳ್ಳುತ್ತಿದ್ದವರೂ ಸ್ವಯಂಸೇವಕರೇ. ಅವರು 2007ರಲ್ಲಿ 5.10 ಕೊಟ್ಟರು, 2010ರಿಂದ ಪ್ರತಿ ವರ್ಷ ಹೊಸ ಬಿಡುಗಡೆ ಕೊಡುತ್ತಿದ್ದಾರೆ. ಆದರೆ ಮುಂದೆ 6 ಎಂಬ ಅಂಕಿ ಕೂತಿದ್ದರಿಂದ ಅವರ ಕೆಲಸ ಹಳತಿನ ರಿಪೇರಿಯಂತೆ ಕಂಡಿತು. ಮನೆಗೆ ಹೊಸ ಸೊಸೆ ಬರ್ತಾಳೆ ಅಂತ ಹತ್ತು ವರ್ಷ ಹೇಳುತ್ತಾ, ಇರುವ ಸೊಸೆಯ ಕೈಯಲ್ಲೇ ಅಡುಗೆ ಮಾಡಿಸಿದ ಹಾಗೆ.

ಮಧ್ಯಾಹ್ನ ಫಿಶರ್‌ಮನ್ಸ್ ವಾರ್ಫ್‌ಗೆ ಹೋದೆವು. ಹೋಟೆಲಿನವರು ಬಾಗಿಲಲ್ಲೇ ನಿಂತು ಚಿಕ್ಕ ಕಪ್‌ಗಳಲ್ಲಿ ಚಿಪ್ಪುಮೀನಿನ ಸೂಪ್ ರುಚಿ ನೋಡಿ ಎಂದು ಕೈಗೆ ಕೊಡುತ್ತಾರೆ. ಸಸ್ಯಾಹಾರಿಗಳಾದ ನಮಗೆ ಹುಳಿ ಬ್ರೆಡ್ಡು ಮತ್ತು ಡಬ್ಬದ ಚಕ್ಕುಲಿ. ಕಟ್ಟೆಯ ಕೆಳಗೆ ಸೀಲಯನ್‌ಗಳು ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದವು. ಅಲ್ಲಿಂದ ಕ್ಯಾನರಿ ರೋ. ಒಂದು ಕಾಲಕ್ಕೆ ಸಾರ್ಡೀನ್ ಮೀನು ಡಬ್ಬಕ್ಕೆ ತುಂಬುವ ಕಾರ್ಖಾನೆಗಳ ಸಾಲು. 1940ರ ದಶಕದ ಕೊನೆಯಿಂದ ಮೀನು ಬರುವುದೇ ನಿಂತುಹೋಗಿ ಒಂದೊಂದಾಗಿ ಮುಚ್ಚಿದವು. ಹಾಗೆ ಮುಚ್ಚಿದ ಒಂದು ಕಾರ್ಖಾನೆಯ ಜಾಗದಲ್ಲೇ 1984ರಲ್ಲಿ ಅಕ್ವೇರಿಯಂ ತೆರೆಯಿತು. ಅದರ ಟಿಕೆಟ್ ಬೆಲೆ ನೋಡಿ ಚಿಕ್ಕಮ್ಮನ ಮಗ ಇನ್ನೊಮ್ಮೆ ನೋಡೋಣ ಎಂದ. ನನಗೂ ಬೇರೆ ಕಡೆ ಹೋಗಬೇಕಿತ್ತು.

ಪಕ್ಕದ ಊರು ಪೆಸಿಫಿಕ್ ಗ್ರೋವ್. ಚಳಿಗಾಲಕ್ಕೆ ಮೊನಾರ್ಕ್ ಚಿಟ್ಟೆಗಳು ಬಂದು ತಂಗುವ ಒಂದು ತೋಪು ಇಲ್ಲಿದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಣಸಿಗುತ್ತವೆ. ತೋಪು ಎಂದರೆ ಏನೋ ವಿಶೇಷ ಕಾಡು ಎಂದುಕೊಂಡು ಹೋದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇರುವಂಥದ್ದೇ ನೀಲಗಿರಿ ಮರ, ನಡುವೆ ಪೈನ್ ಮತ್ತು ಸೈಪ್ರೆಸ್. ಮೊದಲು ಕಾಣುವುದು ಕೊಂಬೆಗೆ ನೇತುಬಿದ್ದ ಒಣ ಎಲೆಗಳ ಗೊಂಚಲು. ಮಂಜು ಸರಿದು ಬಿಸಿಲು ಬಿದ್ದದ್ದೇ ಆ ಎಲೆಗಳೆಲ್ಲ ಒಮ್ಮೆಗೇ ತೆರೆದು ಕಿತ್ತಳೆ ಬಣ್ಣವಾದವು. ಪುಟ್ಟಿ ಬಾಯಿಗೆ ಕೈ ಇಟ್ಟುಕೊಂಡಳು. ಚಿಟ್ಟೆಗಳಿಗೆ ತೊಂದರೆ ಕೊಟ್ಟರೆ ಈ ಊರಿನಲ್ಲಿ ದಂಡ ಹಾಕುತ್ತಾರೆ.

ಟೆಲಿಸ್ಕೋಪ್ ಇಟ್ಟುಕೊಂಡು ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸು ಪುಟ್ಟಿಯನ್ನು ಕರೆದು ತೋರಿಸಿದರು. ಇವರೂ ಸ್ವಯಂಸೇವಕಿ. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಆಸುಪಾಸಿನಲ್ಲಿ ಕರಾವಳಿಯುದ್ದಕ್ಕೂ ಚಿಟ್ಟೆಗಳನ್ನು ಎಣಿಸುವವರೆಲ್ಲ ಹೀಗೇ, ಬೆಳಿಗ್ಗೆ ಚಳಿಯಲ್ಲಿ ಎದ್ದು ಬರುವ ಸಾಮಾನ್ಯ ಜನ. ಸುಮಾರು 13 ಡಿಗ್ರಿಗಿಂತ ತಣ್ಣಗಿದ್ದರೆ ಚಿಟ್ಟೆ ಹಾರಲಾರದು, ಗೊಂಚಲಲ್ಲೇ ಇರುತ್ತದೆ, ಆಗ ಎಣಿಸುವುದು ಸುಲಭ. 2020ರ ಎಣಿಕೆಯಲ್ಲಿ ಈ ತೋಪಿನಲ್ಲಿ ಸಿಕ್ಕಿದ್ದು ಸೊನ್ನೆ. ಆ ವರ್ಷವೂ ಎಣಿಸಲು ಬಂದಿದ್ದರು. ಇನ್ನೊಂದು ವಿಷಯ ಆಕೆ ಹೇಳಿದರು: ಇಲ್ಲಿಂದ ವಸಂತದಲ್ಲಿ ಹೊರಟ ಚಿಟ್ಟೆ ಮತ್ತೆ ಇಲ್ಲಿಗೆ ಬರುವುದಿಲ್ಲ. ಅದರ ಮಕ್ಕಳು, ಮೊಮ್ಮಕ್ಕಳು ದಾಟಿದ ಮೇಲಿನ ಪೀಳಿಗೆ ಬರುತ್ತದೆ, ಈ ಮರಗಳನ್ನು ಒಮ್ಮೆಯೂ ನೋಡದ ಪೀಳಿಗೆ.

ನಾನು ಈ ತೋಪಿಗೆ ಬರಬೇಕೆಂದದ್ದು ಪರ್ಲ್ 6ರ ಲಾಂಛನವೂ ಒಂದು ಚಿಟ್ಟೆ ಎಂಬ ಕಾರಣಕ್ಕೆ. ಕಾಮೀಲಿಯಾ ಎಂದು ಹೆಸರು. ಲ್ಯಾರಿ ವಾಲ್ ರೂಪಿಸಿದ್ದು. ಗಂಭೀರವಾದ ಕಂಪನಿ ಲೋಗೋ ಅಲ್ಲ, ಬಣ್ಣಬಣ್ಣದ, ಮಕ್ಕಳ ಪುಸ್ತಕದಿಂದ ಹಾರಿಬಂದ ಹಾಗಿರುವ ಚಿಟ್ಟೆ. ಅದನ್ನು ನೋಡಿ ಮೂಗು ಮುರಿದವರು ಕಡಿಮೆಯಿಲ್ಲ. ಪುಟ್ಟಿಗೆ ಫೋನ್‌ನಲ್ಲಿ ತೋರಿಸಿದೆ, "ಕ್ಯೂಟ್ ಆಗಿದೆ ಅತ್ತೆ" ಎಂದಳು.

ಬೆಂಚಿನ ಮೇಲೆ ಕೂತು ಉಳಿದ ಕಥೆ ಹೇಳಿದೆ. 2005ರ ಫೆಬ್ರವರಿ 1ರಂದು ತೈವಾನ್‌ನ ಆಡ್ರಿ ಟ್ಯಾಂಗ್ ಪಗ್ಸ್ ಎಂಬ ಪ್ರಯೋಗ ಶುರು ಮಾಡಿದರು. ಮುಂದೆ ತೈವಾನ್ ಸರ್ಕಾರದಲ್ಲಿ ಡಿಜಿಟಲ್ ಮಂತ್ರಿಯಾದವರು ಇವರೇ. ಅಷ್ಟು ವರ್ಷ ಕಾಗದದ ಮೇಲಿದ್ದ ಪರ್ಲ್ 6ನ್ನು ಹ್ಯಾಸ್ಕೆಲ್ ಎಂಬ ಬೇರೊಂದು ಭಾಷೆಯಲ್ಲಿ ಬರೆದು ಓಡಿಸಿ ತೋರಿಸಿದರು. ಅದಕ್ಕಿಂತ ದೊಡ್ಡ ಕೆಲಸವೆಂದರೆ, ಕೋಡ್ ಬದಲಿಸುವ ಹಕ್ಕನ್ನು ಕೇಳಿದವರಿಗೆಲ್ಲ ಕೊಟ್ಟರು, ಕೇಳದವರಿಗೂ ಕರೆದು ಕೊಟ್ಟರು. ನಮ್ಮ ಆಫೀಸುಗಳಲ್ಲಿ ಒಂದು ಸಾಲು ಬದಲಿಸಲು ಎಷ್ಟು ಅಪ್ರೂವಲ್ ಬೇಕು ನೆನಪಿಸಿಕೊಳ್ಳಿ. ಇಲ್ಲಿ ತಪ್ಪಾದರೆ ಹಿಂದಕ್ಕೆ ತೆಗೆದರಾಯಿತು, ಜನ ಓಡಿಹೋದರೆ ಮಾತ್ರ ವಾಪಸ್ ಬರುವುದಿಲ್ಲ ಎಂಬ ಲೆಕ್ಕ. ಕಂಪೈಲರ್‌ಗೆ ವೇಗ ಹೆಚ್ಚಿಸು ಎಂದು ಸೂಚನೆ ಕೊಡುವ ಹಾಗೆ ಇವರ ಗುಂಪಿನ ಸೂಚನೆ, ಮೋಜು ಹೆಚ್ಚಿಸು ಎಂದು. ಇನ್ನೂರಕ್ಕೂ ಹೆಚ್ಚು ಜನ ಸೇರಿದರು.

ಪಗ್ಸ್ ಭಾಷೆಯನ್ನು ದಡ ಮುಟ್ಟಿಸಲಿಲ್ಲ. ಕೆಲವು ವರ್ಷಗಳಲ್ಲಿ ನಿಂತಿತು. ಆದರೆ ಭಾಷೆ ಹೇಗೆ ವರ್ತಿಸಬೇಕು ಎಂದು ಪರೀಕ್ಷಿಸಲು ಅವರೆಲ್ಲ ಬರೆದ ಸಾವಿರಾರು ಪರೀಕ್ಷೆಗಳು ಉಳಿದವು. ಮುಂದೆ ಬಂದ ರಾಕುಡೋ ಎಂಬ ಕಂಪೈಲರ್ ಅವುಗಳ ಮೇಲೇ ನಿಂತಿತು. ರಾಕುಡೋ ಕಟ್ಟಿದವರಲ್ಲಿ ಬಹಳ ಜನ ಮಾಂಟೆರೆಯ ಮಗ್ ಎಸೆತದ ದಿನ ಅಲ್ಲಿದ್ದವರೇ ಅಲ್ಲ.

"ಪಗ್ಸ್ ಕೋಡ್ ಈಗ ಎಲ್ಲಿದೆ?" ಅವನು ಕೇಳಿದ.

"ಗಿಟ್‌ಹಬ್‌ನಲ್ಲಿದೆ. ಯಾರು ಬೇಕಾದ್ರೂ ಓಪನ್ ಮಾಡಬಹುದು."

ಫೋನ್ ತೆಗೆದು ಹುಡುಕಿದ. ಅದರಲ್ಲಿ ಕೆಲಸ ಮಾಡಿದವರ ಹೆಸರುಗಳಿಗೆಂದೇ ಒಂದು ಫೈಲ್ ಇದೆ. ಬೆರಳಿನಿಂದ ತಳ್ಳುತ್ತಾ ಹೋದ, ತಳ್ಳುತ್ತಲೇ ಹೋದ. "ಮುಗಿಯೋದೇ ಇಲ್ವಲ್ಲ ಅಕ್ಕ" ಎಂದ. ಆಮೇಲೆ ಫೋನ್ ಜೇಬಿಗೆ ಹಾಕಿಕೊಂಡು ತುಂಬಾ ಹೊತ್ತು ಮರದ ಕಡೆ ನೋಡುತ್ತಾ ಕೂತ. ನಾನೂ ಮಾತಾಡಿಸಲಿಲ್ಲ.

ಈ ಭಾಷೆ ಯಾವಾಗ ಬರುತ್ತೆ ಎಂದು ಕೇಳಿದವರಿಗೆಲ್ಲ ಅವರ ಉತ್ತರ, ಕ್ರಿಸ್‌ಮಸ್‌ಗೆ ಎಂದು. ಯಾವ ವರ್ಷದ ಕ್ರಿಸ್‌ಮಸ್ ಎಂದು ಹೇಳುತ್ತಿರಲಿಲ್ಲ. 2015ರ ಆರಂಭದಲ್ಲಿ ಬ್ರಸೆಲ್ಸ್‌ನ ಫಾಸ್ಡೆಮ್ ಸಮ್ಮೇಳನದಲ್ಲಿ ಲ್ಯಾರಿ ವಾಲ್ ಇದೇ ವರ್ಷ ಎಂದು ಮಾತು ಕೊಟ್ಟರು. ಡಿಸೆಂಬರ್ 25ಕ್ಕೆ ಬಂದೇ ಬಂತು. ಆ ಆವೃತ್ತಿಯ ಹೆಸರೂ ಕ್ರಿಸ್‌ಮಸ್. ಇಂಗ್ಲಿಷ್ ವರ್ಣಮಾಲೆಯಲ್ಲಿ ಮುಂದಿನ ಅಕ್ಷರ ಡಿ. 2018ರ ನವೆಂಬರ್‌ನಲ್ಲಿ ಹಬ್ಬದ ಹೊತ್ತಿಗೇ ಬಂದ ಮುಂದಿನ ಆವೃತ್ತಿಗೆ ಇಟ್ಟ ಹೆಸರು ದೀಪಾವಳಿ! ಇದನ್ನು ಕೇಳಿ ಪುಟ್ಟಿ ಚಕ್ಕುಲಿ ಡಬ್ಬ ಎತ್ತಿ ಹಿಡಿದಳು.

ಹೆಸರಿನ ಜಗಳ ಮುಗಿದದ್ದು 2019ರ ಅಕ್ಟೋಬರ್‌ನಲ್ಲಿ. ಇದು ಪರ್ಲ್‌ನ ಮುಂದಿನ ಆವೃತ್ತಿ ಅಲ್ಲ, ತಂಗಿ ಭಾಷೆ ಎಂದು ಬಹಳ ಕಾಲ ಸಮಾಧಾನ ಹೇಳಿ ನೋಡಿದ್ದರು, ಯಾರೂ ಒಪ್ಪಲಿಲ್ಲ. ಕೊನೆಗೆ ಹೆಸರನ್ನೇ ಬದಲಿಸಿ ರಾಕು ಎಂದರು. ಹೊಸ ದ್ರಾಕ್ಷಾರಸವನ್ನು ಹಳೇ ಚರ್ಮದ ಚೀಲಕ್ಕೆ ತುಂಬಬೇಡಿ ಎಂಬ ಬೈಬಲ್ಲಿನ ದೃಷ್ಟಾಂತ ನೆನಪಿಸಿ ಲ್ಯಾರಿ ಒಪ್ಪಿಗೆ ಕೊಟ್ಟರು. ಹತ್ತು ವರ್ಷ ಮೊದಲೇ ಇದನ್ನು ಮಾಡಿದ್ದರೆ ಎರಡೂ ಕಡೆಯವರ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು ಎಂದು ನನಗನ್ನಿಸುತ್ತದೆ. ಆದರೆ ತನ್ನ ಮಗುವಿನ ಹೆಸರಿನಿಂದ ತನ್ನ ಮನೆತನದ ಹೆಸರು ತೆಗೆಯುವುದು ಸುಲಭವಲ್ಲ ನೋಡಿ.

ಇಷ್ಟೆಲ್ಲ ಕಷ್ಟಪಟ್ಟ ಭಾಷೆಯನ್ನು ಇವತ್ತು ಎಷ್ಟು ಜನ ಬಳಸುತ್ತಾರೆ? ಕಡಿಮೆ. ಕೆಲಸಕ್ಕೆ ಸೇರಲು ರಾಕು ಕಲಿಯಿರಿ ಎಂದು ನಾನು ಯಾರಿಗೂ ಹೇಳಲಾರೆ. ಚಿಕ್ಕಮ್ಮನ ಮಗ ಅದನ್ನೇ ಕೇಳಿದ, "ಹಾಗಾದ್ರೆ ಏನು ಸಿಕ್ತು?" ಅದಕ್ಕೆ ಉತ್ತರವಾಗಿ ನಾನು ತೋರಿಸಿದ್ದು ಒಂದು ಸಣ್ಣ ಪರೀಕ್ಷೆ. ಸಂಜೆ ಲವರ್ಸ್ ಪಾಯಿಂಟ್ ಎಂಬ ಕಡಲಂಚಿನ ಬಂಡೆಗಳ ಹತ್ತಿರ ಕೂತಿದ್ದೆವು (ಹೆಸರು ಕೇಳಿ ಅಪ್ಪನಿಗೆ ಮುಜುಗರ, ಮಗಳಿಗೆ ನಗು). ಲ್ಯಾಪ್‌ಟಾಪ್ ತೆಗೆದೆ.

"ಪುಟ್ಟಿ, ಕನ್ನಡ ಅನ್ನೋ ಪದದಲ್ಲಿ ಎಷ್ಟು ಅಕ್ಷರ?"

ಅವಳು ಭಾನುವಾರದ ಕನ್ನಡ ಕ್ಲಾಸಿಗೆ ಹೋಗುತ್ತಾಳೆ. ಬೆರಳು ಮಡಿಸಿದಳು. "ಕ, ನ್ನ, ಡ. ಮೂರು."

ಪೈಥಾನ್‌ಗೆ ಅದೇ ಪ್ರಶ್ನೆ ಕೇಳಿದರೆ 5 ಎನ್ನುತ್ತದೆ. ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು: ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೊಂದು ನ, ಡ. ರಾಕುಗೆ ಕೇಳಿದರೆ 4. ಓದುವವನ ಕಣ್ಣಿಗೆ ಒಂದಾಗಿ ಕಾಣುವುದನ್ನು ಒಂದು ಎಂದೇ ಎಣಿಸಬೇಕು ಎಂಬುದು ಆ ಸ್ವಯಂಸೇವಕರು ಹಟ ಹಿಡಿದು ಭಾಷೆಯ ಬುಡಕ್ಕೇ ಇಳಿಸಿದ ವಿಚಾರ. ಹಾಗಾಗಿ ಕಿ, ಕೂ, ನ್ ಎಲ್ಲ ರಾಕುವಿನಲ್ಲಿ ಒಂದೊಂದೇ ಅಕ್ಷರ. ನಮ್ಮ ಅಂಕಿಗಳೂ ಅದಕ್ಕೆ ಅಂಕಿಗಳೇ. ೨೫ + ೧೭ ಎಂದು ಕೊಟ್ಟೆ. ತಕರಾರಿಲ್ಲದೆ 42 ಎಂದಿತು.

"ನಾಲ್ಕು ಯಾಕೆ? ಮೂರು ಅಲ್ವಾ?" ಪುಟ್ಟಿ ಬಿಡಲಿಲ್ಲ.

ಒತ್ತಕ್ಷರದಲ್ಲಿ ಸಿಕ್ಕಿಬಿದ್ದಿದೆ. ನ್ ಒಂದು, ನ ಇನ್ನೊಂದು ಎಂದುಕೊಂಡಿದೆ. ಇದು ರಾಕುವಿನ ತಪ್ಪಲ್ಲ. ಯಾವುದನ್ನು ಒಂದು ಅಕ್ಷರವೆಂದು ಎಣಿಸಬೇಕು ಎಂಬ ನಿಯಮವನ್ನು ಅದು ಯೂನಿಕೋಡ್‌ನಿಂದ ತೆಗೆದುಕೊಳ್ಳುತ್ತದೆ. 2023ರಲ್ಲಿ ಯೂನಿಕೋಡ್ 15.1 ಬಂದಾಗ ಒತ್ತಕ್ಷರಗಳನ್ನು ಕೂಡಿಸಿ ಒಂದೆಂದು ನೋಡುವ ಹೊಸ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ, ಆರು ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

"ತೆಲುಗಿಗೆ ಇದೆ, ನಮಗಿಲ್ವಾ?" ಎಂದ ಅವನು. ಇಡೀ ದಿನದಲ್ಲಿ ಅವನ ದನಿ ಏರಿದ್ದು ಆಗಲೇ.

"ಇಂಥ ವಿಷಯಕ್ಕೆ ಯಾರು ಬೇಕಾದ್ರೂ ಬರೆದು ಕಳಿಸಬಹುದು ಕಣೋ. ಉದಾಹರಣೆ ಸಮೇತ ಬರೀಬೇಕು ಅಷ್ಟೇ."

"ಬರೆಯೋಣ. ಒತ್ತಕ್ಷರ ಬಂದ್ರೆ ಒಂದು ಅಂತ ಎಣಿಸಬೇಕು. ಅಷ್ಟೇ ತಾನೇ? ಒಂದು ಸಾಲು."

ಅವನೇ ಒಂದು ಫೈಲ್ ತೆರೆದು ಪದಗಳನ್ನು ಟೈಪ್ ಮಾಡತೊಡಗಿದ. ಅಕ್ಕ, 2. ಸೂರ್ಯ, 2. ರಾಷ್ಟ್ರ, 2. ಶಾಸ್ತ್ರಿ, 2. ಆಮೇಲೆ ಬಸ್‌ನಲ್ಲಿ ಎಂದು ಬರೆದು ನಿಂತ.

"ಮೂರು" ಎಂದ. "ಬ, ಸ್ನ, ಲ್ಲಿ."

"ನಾಲ್ಕು ಅಪ್ಪ" ಎಂದಳು ಪುಟ್ಟಿ. "ಸ್ ಬೇರೆ, ನ ಬೇರೆ. ಸ್ನ ಅಂದ್ರೆ ಸ್ನಾನ ಆಗುತ್ತೆ."

"ಬಾಯಲ್ಲಿ ಹೇಳುವಾಗ ಸೇರೇ ಬರುತ್ತಲ್ಲ."

"ಬರೆಯುವಾಗ ಸೇರಲ್ಲ. ಮಿಸ್ ಹೇಳಿದಾರೆ."

ಹಾಗಾದರೆ ಜೋಡಿಸದೆ ಬರೆಯಲು ನಡುವೆ ಹಾಕುವ ಕಣ್ಣಿಗೆ ಕಾಣದ ಚಿಹ್ನೆಯನ್ನು ಏನು ಮಾಡುವುದು, ಅದನ್ನು ಹಾಕದೆ ಟೈಪ್ ಮಾಡುವವರ ಗತಿ ಏನು ಎಂದು ನಾನು ಬಾಯಿ ಹಾಕಿದೆ. ಇಬ್ಬರೂ ನನ್ನ ಮೇಲೆ ತಿರುಗಿಬಿದ್ದರು. ಒಂದು ಸಾಲಿನ ನಿಯಮ ಆಗಲೇ ಆರು ಸಾಲಾಗಿತ್ತು. ಸೂರ್ಯ ಮುಳುಗಿ, ಚಳಿ ಹತ್ತಿ, ಡಬ್ಬದಲ್ಲಿ ಚಕ್ಕುಲಿ ಪುಡಿ ಮಾತ್ರ ಉಳಿದರೂ ಅಪ್ಪ ಮಗಳು ಬಸ್ಸಿನಿಂದ ಇಳಿದಿರಲಿಲ್ಲ.